ರವಿವಾರದ ಡಿಗ್ರಿ

ಒಂದೇ ಹೊತ್ತಿಗೆ ಎರಡು ಡಿಗ್ರಿ ಓದಬಹುದು ಎಂಬ ನಿಯಮ ಬಂದಾಗ ನಾನು ಪುಣೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಆಗಷ್ಟೇ ಸೇರಿದ್ದೆ. ಸಂಖ್ಯಾಶಾಸ್ತ್ರ ನನ್ನ ವಿಷಯ. ಒಂದು ಡಿಗ್ರಿಯನ್ನು ದಿನವೂ ಕಾಲೇಜಿಗೆ ಹೋಗಿ ಓದಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು ಎಂದು ನಮ್ಮ ಸರ್ ತರಗತಿಯಲ್ಲಿ ಹೇಳಿದರು. ಗೆಳತಿಯರು ಕಂಪ್ಯೂಟರ್, ಮ್ಯಾನೇಜ್‌ಮೆಂಟ್ ಎಂದು ಮಾತಾಡಿಕೊಂಡರು. ನಾನು ಮನಃಶಾಸ್ತ್ರ ಎಂದೆ. ಲೆಕ್ಕ ನನಗೆ ಮೊದಲಿನಿಂದಲೂ ಹಗುರ. ಆದರೆ ಲೆಕ್ಕಕ್ಕೆ ಬರುವ ಅಂಕಿಗಳು ಎಷ್ಟೋ ಸಲ ಯಾರೋ ಒಬ್ಬರು ಕೊಟ್ಟ ಉತ್ತರಗಳು. ಅವರು ಹಾಗೇಕೆ ಉತ್ತರ ಕೊಟ್ಟರು ಎಂಬುದು ನಮ್ಮ ಪಾಠದಲ್ಲಿ ಎಲ್ಲೂ ಇರಲಿಲ್ಲ. ನನಗೆ ಅದು ಬೇಕಾಗಿತ್ತು.

ನಮ್ಮ ಮನೆ ಚಿಂಚವಾಡದಲ್ಲಿ. ಅಪ್ಪ ಪಿಂಪ್ರಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಮದುವೆಗೆ ಮೊದಲೇ ವಿಜಯಪುರದಿಂದ ಇಲ್ಲಿಗೆ ಬಂದವರು. ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ.

“ಎರಡು ದೋಣ್ಯಾಗ ಕಾಲಿಡಬ್ಯಾಡ,” ಎಂದರು ಅಪ್ಪ. “ಒಂದನ್ನ ನೆಟ್ಟಗ ಮುಗಸು.”

ಅವ್ವ ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. “ಆಕಿ ಮನ್ಯಾಗ ಓದಿ ಪರೀಕ್ಷಾ ಕೊಡತೀನಂತಾಳ. ನಿಮಗೇನು ತ್ರಾಸು ಅದರಾಗ? ನಾಳೆ ನಾನ ಕರಕೊಂಡು ಹೋಗತೀನಿ.”

ಅಧ್ಯಯನ ಕೇಂದ್ರ ಸ್ವಾರಗೇಟಿನ ಹತ್ತಿರ, ಒಂದು ಹಳೆಯ ಶಾಲೆಯ ಕಟ್ಟಡದಲ್ಲಿತ್ತು. ಅಲ್ಲಿಯ ಗುಮಾಸ್ತ ನನ್ನ ಕಾಗದಗಳನ್ನು ನೋಡಿ ಎಲ್ಲವೂ ಸರಿಯಿದೆ ಎಂದ. ಹೊರಡಬೇಕು ಎನ್ನುವಾಗ ಅವ್ವ ಮರಾಠಿಯಲ್ಲಿ ಅವನನ್ನು ಕೇಳಿದಳು, ಪಿಯುಸಿ ಮುಗಿಸಿ ಬಹಳ ವರ್ಷವಾದವರಿಗೂ ಇದರಲ್ಲಿ ಸೇರಿಸಿಕೊಳ್ಳುತ್ತೀರಾ ಎಂದು. ವಯಸ್ಸಿನ ಅಡ್ಡಿಯಿಲ್ಲ ಕಾಕೂ, ಯಾರಿಗೆ ಬೇಕಿತ್ತು ಎಂದ ಅವನು.

“ನನಗ,” ಎಂದಳು ಅವ್ವ, ಈ ಸಲ ಕನ್ನಡದಲ್ಲಿ. ಅರ್ಥವಾಗದೆ ಅವನು ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು.

ಪಿಯುಸಿ ಆದ ವರ್ಷವೇ ಅವ್ವನ ಮದುವೆಯಾಗಿತ್ತು. ಮುಂದೆ ಓದುವ ಆಸೆಯಿತ್ತೆಂದು ಅವಳು ಯಾವತ್ತೂ ಹೇಳಿದ್ದಿಲ್ಲ. ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗ ನಾನು ಕೇಳಿಯೇಬಿಟ್ಟೆ.

“ಆಸೆ ಇತ್ತೋ ಇಲ್ಲೋ ನೆನಪಿಲ್ಲ,” ಎಂದಳು. “ಇವತ್ತು ಅಲ್ಲಿ ಆ ಪುಸ್ತಕ ನೋಡಿದ್ಯಲ್ಲ, ಮಾನಸಶಾಸ್ತ್ರದ್ದು? ಮೊದಲನೇ ಪಾಠ ತೆಗೆದು ನಿಂತಲ್ಲೇ ಓದಿದೆ. ತಿಳೀತು. ತಿಳಿಯೂ ಹಂಗ ಇದ್ದರ ಯಾಕ ಓದಬಾರದು?”

ಹೀಗೆ ನನ್ನ ಎರಡನೆಯ ಡಿಗ್ರಿಗೆ ಅವ್ವನೇ ಸಹಪಾಠಿಯಾದಳು. ನಾನು ಇಂಗ್ಲಿಷ್ ಮಾಧ್ಯಮ, ಅವಳು ಮರಾಠಿ. ಇಪ್ಪತ್ತು ವರ್ಷದಿಂದ ತರಕಾರಿಯವರ ಜೊತೆ, ಓಣಿಯ ಹೆಂಗಸರ ಜೊತೆ ಮರಾಠಿ ಆಡಿ ಆಡಿ ಅವಳ ನಾಲಗೆ ಹದವಾಗಿತ್ತು. ಓದಲೂ ಬರುತ್ತಿತ್ತು, ಬರೆದು ಮಾತ್ರ ಗೊತ್ತಿರಲಿಲ್ಲ. ಮೊದಲ ಕೆಲವು ತಿಂಗಳು ಮಧ್ಯಾಹ್ನ ಕೂತು ಮರಾಠಿ ಪತ್ರಿಕೆಯ ಒಂದೊಂದು ಸುದ್ದಿಯನ್ನು ನೋಡಿ ಬರೆಯುತ್ತಿದ್ದಳು. ಒತ್ತಕ್ಷರ ಬಂದಲ್ಲಿ ಅವಳ ಕೈ ತಡೆಯುತ್ತಿತ್ತು. ಅಕ್ಷರವನ್ನು ಕನ್ನಡದ ಹಾಗೆ ಕೆಳಗೆ ಇಳಿಸಿ, ಮತ್ತೆ ಅಳಿಸಿ ಪಕ್ಕದಲ್ಲಿ ಬರೆಯುತ್ತಿದ್ದಳು.

ಸಂಪರ್ಕ ತರಗತಿಗಳು ರವಿವಾರ. ಚಿಂಚವಾಡದಿಂದ ಶಿವಾಜಿನಗರಕ್ಕೆ ಲೋಕಲ್, ಅಲ್ಲಿಂದ ಬಸ್ಸು. ಅಪ್ಪ ಆ ದಿನದ ಅಡುಗೆ ವಹಿಸಿಕೊಂಡರು. ಯಾರೂ ಹೇಳಿರಲಿಲ್ಲ, ಒಂದು ರವಿವಾರ ನಾವು ಮರಳಿ ಬಂದಾಗ ಅನ್ನ ಸಾರು ಮಾಡಿಟ್ಟು ಪೇಪರ್ ಓದುತ್ತ ಕೂತಿದ್ದರು. ಸಾರಿನಲ್ಲಿ ಉಪ್ಪು ಕಡಿಮೆಯಿತ್ತು. ಆದರೂ ಅವ್ವ ಎರಡು ಸಲ ಹಾಕಿಸಿಕೊಂಡು ಉಂಡಳು.

ತರಗತಿಯಲ್ಲಿ ನಾನು ಹಿಂದಿನ ಬೆಂಚು, ಅವ್ವ ಮುಂದಿನದು. ದವಾಖಾನೆಯ ನರ್ಸುಗಳು, ಒಬ್ಬ ಪೊಲೀಸಿನವನು, ಅಂಗಡಿ ಇಟ್ಟುಕೊಂಡವರು, ಎಲ್ಲರೂ ಇದ್ದ ತರಗತಿ ಅದು. ನನ್ನ ಕಾಲೇಜಿನಲ್ಲಿ ಪ್ರಶ್ನೆ ಕೇಳಿದರೆ ಸಿಲೆಬಸ್ಸಿನಲ್ಲಿ ಇದೆಯೇ ಎಂದು ಪಕ್ಕದವರು ಕೇಳುತ್ತಿದ್ದರು. ಇಲ್ಲಿ ಎಲ್ಲರೂ ತಮ್ಮ ಮನೆಯ ಸಂಗತಿ ತಂದು ಪಾಠದ ಪಕ್ಕ ಇಟ್ಟು ನೋಡುತ್ತಿದ್ದರು. ಮರೆವಿನ ಪಾಠ ನಡೆದಾಗ ಅವ್ವ ಎದ್ದು ನಿಂತು, ಮನೆಯಲ್ಲಿರುವ ತನ್ನ ಅತ್ತೆಗೆ, ಅಂದರೆ ನನ್ನ ಅಜ್ಜಿಗೆ, ಬೆಳಿಗ್ಗೆ ತಿಂದದ್ದು ನೆನಪಿಲ್ಲ, ಹುಡುಗಿಯಾಗಿದ್ದಾಗಿನ ಹಾಡು ಒಂದಕ್ಷರ ಬಿಡದೆ ನೆನಪಿದೆ, ಇದು ಹೇಗೆ ಎಂದು ಕೇಳಿದಳು. ಪಾಠ ಮಾಡುತ್ತಿದ್ದ ಶಿಕ್ಷಕಿ, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದವರು, ಪುಸ್ತಕ ಮುಚ್ಚಿಟ್ಟು ಉಳಿದ ಅರ್ಧ ಗಂಟೆ ಅದನ್ನೇ ವಿವರಿಸಿದರು.

ಎರಡನೆಯ ವರ್ಷ ಮನಃಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರದ ಪೇಪರ್ ಬಂತು. ನನಗೆ ಅದು ಮನೆಯ ಅಂಗಳ, ಉಳಿದವರಿಗೆ ಕಾಡು. ಅವ್ವ ‘ಪ್ರಮಾಣ ವಿಚಲನೆ’ಯ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನಿನ, ಹತ್ತಿರ ಸಿಕ್ಕಿಕೊಂಡಳು. ನಾನು ಸೂತ್ರ ಬರೆದು ತೋರಿಸಿದೆ. ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದೆ. ಅವಳು ಹಾಗೇ ಬಿಡಿಸಿ ಸರಿಯಾದ ಉತ್ತರ ತಂದು, ಪೆನ್ನು ಕೆಳಗಿಟ್ಟು ಕೇಳಿದಳು: “ಉತ್ತರ ಬಂತು. ಇದು ಏನು ಅಂತ ಹೇಳು.”

“ಸರಾಸರಿಯಿಂದ ಎಷ್ಟು ದೂರ ಇದಾವ ಅಂತ.”

“ಅದು ಪುಸ್ತಕದಾಗ ಅದ. ನೀ ಹೇಳು.”

ಆ ಸೂತ್ರದಲ್ಲಿ ನನಗೆ ಯಾವಾಗಲೂ ಪೂರ್ತಿ ಅಂಕ ಬಂದಿತ್ತು. ಆದರೂ ಸೂತ್ರ ಬಿಟ್ಟು ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಎರಡು ದಿನ ಅದೇ ತಲೆಯಲ್ಲಿತ್ತು. ಮೂರನೆಯ ದಿನ ಜೋಳದ ಹಿಟ್ಟು ಕಲಸುತ್ತಿದ್ದ ಅವ್ವನ ಪಕ್ಕ ಕೂತು, ಹಿಟ್ಟನ್ನು ಸರಿಯಾಗಿ ಎರಡು ಪಾಲು ಮಾಡಿಸಿದೆ. ಒಂದು ಪಾಲಿನಲ್ಲಿ ಅವಳು ಐದು ರೊಟ್ಟಿ ಬಡಿದಳು, ಇನ್ನೊಂದರಲ್ಲಿ ನಾನು ಐದು. ಅವಳವು ಒಂದರ ಮೇಲೊಂದು ಇಟ್ಟರೆ ಅಂಚು ಕೂಡುತ್ತಿದ್ದವು. ನನ್ನವುಗಳಲ್ಲಿ ಒಂದು ಹಪ್ಪಳದಷ್ಟು, ಒಂದು ಹಂಚನ್ನೂ ಮೀರಿದ್ದು.

“ಹಿಟ್ಟು ಅಷ್ಟ, ರೊಟ್ಟಿನೂ ಅಷ್ಟ,” ಎಂದೆ. “ಹಂಗಾರ ಒಂದು ರೊಟ್ಟಿಗೆ ಸರಾಸರಿ ಹಿಟ್ಟು ಇಬ್ಬರದೂ ಒಂದ. ಸರಾಸರಿ ಅಷ್ಟ ಕೇಳಿದವರಿಗೆ ನಿನಗೂ ನನಗೂ ಫರಕ ಕಾಣೂದಿಲ್ಲ. ಆ ಫರಕ ಹೇಳೂದು ಈ ಲೆಕ್ಕ.”

ಅವ್ವ ನನ್ನ ರೊಟ್ಟಿಗಳನ್ನು ತಿರುಗಿಸಿ ನೋಡಿದಳು. “ಅಂದರ, ಸರಾಸರಿ ಮ್ಯಾಲ ಎಷ್ಟು ಭರವಸಾ ಇಡಬಹುದು ಅನ್ನೂದು.”

ಹೌದು, ಅದೇ. ಇಬ್ಬರೂ ಸೇರಿ ಅಲ್ಲಿಗೆ ಮುಟ್ಟಿದ್ದೆವು. ಮುಂದಿನ ರವಿವಾರ ಅವ್ವ ಬಾಯಿಯವರಿಗೆ ಹೇಳಿ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿದಳು. ಪೊಲೀಸಿನವನಿಗೆ ಚಪಾತಿ ಎಂದು, ನರ್ಸುಗಳಿಗೆ ರೋಗಿಯ ಜ್ವರ ಎಂದು ಅದೇ ಮಾತನ್ನು ಬೇರೆ ಬೇರೆಯಾಗಿ ಹೇಳಿದೆ. ಅಂದಿನಿಂದ ಕಾಲೇಜಿನಲ್ಲೂ ನನ್ನ ಓದು ಬದಲಾಯಿತು. ಯಾವ ಸೂತ್ರ ಬಂದರೂ, ಇದನ್ನು ರವಿವಾರದವರಿಗೆ ಹೇಗೆ ಹೇಳಲಿ ಎಂದು ಮೊದಲು ಕೇಳಿಕೊಳ್ಳುತ್ತಿದ್ದೆ.

ಆ ವರ್ಷದ ಕೊನೆಗೆ ಎರಡೂ ಕಡೆಯ ವೇಳಾಪಟ್ಟಿಗಳು ಬಂದವು. ಕಾಲೇಜಿನ ಪ್ರಾಯೋಗಿಕ ಪರೀಕ್ಷೆ, ದೂರಶಿಕ್ಷಣದ ಸಾಮಾಜಿಕ ಮನಃಶಾಸ್ತ್ರದ ಪೇಪರ್, ಎರಡೂ ಒಂದೇ ದಿನ ಬೆಳಿಗ್ಗೆ. ವಿಭಾಗದ ಮುಖ್ಯಸ್ಥೆಯ ಹತ್ತಿರ ಹೋಗಿ ನನ್ನ ಸರದಿಯನ್ನು ಬೇರೆ ದಿನಕ್ಕೆ ಹಾಕಿ ಎಂದು ಕೇಳಿದೆ. ಅವರು ತಲೆ ಎತ್ತದೆ, ಎರಡು ಬೇಕೆಂದವಳು ಇದನ್ನು ಮೊದಲೇ ಯೋಚಿಸಬೇಕಿತ್ತು ಎಂದರು. ನಾನು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ದೂರಶಿಕ್ಷಣದಲ್ಲಿ ಬಿಟ್ಟ ಪೇಪರನ್ನು ಮುಂದಿನ ಸಲ ಬರೆಯಬಹುದು. ಕಾಲೇಜಿನಲ್ಲಿ ಆಗದು. ಅಲ್ಲಿಯೇ ತೀರ್ಮಾನ ಮಾಡಿಕೊಂಡೆ. ಮೇಡಮ್ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಹೆದರಿಕೆ ಆಗಲಿಲ್ಲ.

“ಹಂಗಾರ ನಾ ಒಬ್ಬಾಕೀನ ಹೋಗಬೇಕು,” ಎಂದಳು ಅವ್ವ. ಹೋದಳು. ಮಧ್ಯಾಹ್ನ ನಾನು ಮನೆಗೆ ಬಂದಾಗ ಚಹಾ ಕುಡಿಯುತ್ತ ಕೂತಿದ್ದಳು. ಹೇಗಿತ್ತು ಎಂದೆ. “ಕೈ ನೋಯ್ತು. ಬರಿಯೂದು ಇನ್ನೂ ಇತ್ತು,” ಎಂದಳು.

ಆ ಪೇಪರಿನಲ್ಲಿ ಅವಳು ಪಾಸಾದಳು. ಹೀಗಾಗಿ ಅವ್ವ ನನಗಿಂತ ಒಂದು ಪೇಪರ್ ಮುಂದಾದಳು. ಅದನ್ನು ನನಗೆ ಕಲಿಸುವ ಕೆಲಸ ಅವಳಿಗೆ ಬಂತು. ಮನೆಯ ಬಾಲ್ಕನಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಮೊದಲ ದಿನವೇ ನನ್ನ ಪುಸ್ತಕ ಮುಚ್ಚಿಸಿದಳು.

“ನಿನಗ ಈಗ ಯಾರ ಮ್ಯಾಲ ಸಿಟ್ಟದ?”

“ನಮ್ಮ ಮೇಡಮ್ ಮ್ಯಾಲ. ಆ ಮಾತು ಇನ್ನೂ ಮರ್ತಿಲ್ಲ ನಾನು.”

“ಆಕಿ ಹಂಗ ಯಾಕ ಅಂದಳು?”

“ಆಕಿ ಸ್ವಭಾವನ ಹಂಗದ.”

“ಮೊನ್ನೆ ನೀ ಅಜ್ಜಿಗೆ ಒದರಿದೆ. ಅದು ಯಾಕ?”

“ಅವತ್ತು ಲೋಕಲ್ ತಪ್ಪಿತ್ತು, ತಲಿ ನೋಯ್ತಿತ್ತು.”

ಅವ್ವ ನಕ್ಕಳು. “ನೋಡು, ನಿನಗ ಲೋಕಲ್ ತಪ್ಪತದ, ಮೇಡಮ್‌ಗ ಸ್ವಭಾವ ಇರತದ. ಇಷ್ಟ ಪಾಠ. ಇನ್ನ ಪುಸ್ತಕ ತೆಗಿ.”

ಮರುದಿನ ಕಾಲೇಜಿನಲ್ಲಿ ಮೇಡಮ್ಮನವರ ಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ನೋಡಿದೆ. ಇಡೀ ವಿಭಾಗದ ಪರೀಕ್ಷೆಯ ಕೆಲಸವನ್ನು ಅವರು ಒಬ್ಬರೇ ಹೊತ್ತಿದ್ದರು. ಊಟದ ಡಬ್ಬಿ ಮುಚ್ಚಳ ತೆಗೆಯದೆ ಪಕ್ಕದಲ್ಲಿತ್ತು. ಅವರು ಹೇಳಿದ್ದು ಸರಿ ಎಂದು ನನಗೆ ಆಗಲೂ ಅನಿಸಲಿಲ್ಲ. ಆದರೆ ಅವರಾಡಿದ ಮಾತಿಗೆ ಬರೀ ಸ್ವಭಾವವೇ ಕಾರಣವಲ್ಲ ಎಂದು ತಿಳಿಯಿತು. ಮುಂದಿನ ಸಲ ಆ ಪೇಪರ್ ಚೆನ್ನಾಗಿ ಬರೆದೆ.

ಮೂರು ವರ್ಷಕ್ಕೆ ನನಗೆ ಎರಡು ಡಿಗ್ರಿಗಳು ಬಂದವು, ಅವ್ವನಿಗೆ ಒಂದು. ಓಣಿಯ ಹೆಂಗಸರೆಲ್ಲ ಬಂದು ಅವಳಿಗೆ ಆರತಿ ಮಾಡಿದರು. ನನಗೆ ಪೇಢೆ ಕೊಟ್ಟರು.

ಆಸ್ಪತ್ರೆಗಳಿಗಾಗಿ ಜನರ ಅಭಿಪ್ರಾಯ ಸಂಗ್ರಹಿಸುವ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸಂದರ್ಶನವಿತ್ತು. ಎದುರಿಗೆ ಕೂತವರು ನನ್ನ ಕಾಗದ ನೋಡಿ, ಎರಡರಲ್ಲಿ ನಿಮ್ಮ ನಿಜವಾದ ವಿಷಯ ಯಾವುದು ಎಂದು ಕೇಳಿದರು. ಅವರ ಮೇಜಿನ ಮೇಲೆ ಒಂದು ಪ್ರಶ್ನಾವಳಿ ಬಿದ್ದಿತ್ತು. ನೋಡಬಹುದೇ ಎಂದು ಕೇಳಿ ತೆಗೆದುಕೊಂಡೆ. ‘ನಮ್ಮ ಸಿಬ್ಬಂದಿಯ ಉತ್ತಮ ಸೇವೆಯಿಂದ ನಿಮಗೆ ತೃಪ್ತಿಯಾಯಿತೇ?’ ಎಂಬುದು ಮೊದಲನೆಯ ಪ್ರಶ್ನೆ.

“ಇದಕ್ಕೆ ಎಲ್ಲರೂ ಹೌದು ಅಂತಾರೆ,” ಎಂದೆ. “ಉತ್ತಮ ಅನ್ನೋ ಮಾತನ್ನ ನೀವೇ ಅವರ ಬಾಯಿಗೆ ಇಟ್ಟಿದ್ದೀರಿ. ಕೇಳುವವರೂ ಆಸ್ಪತ್ರೆಯವರೇ ಆದರೆ ರೋಗಿ ಇಲ್ಲ ಅನ್ನೋದು ಕಷ್ಟ. ಆಮೇಲೆ ಸರಾಸರಿ ಚೆನ್ನಾಗಿ ಬರ್ತದೆ, ಉತ್ತರಗಳಲ್ಲಿ ವ್ಯತ್ಯಾಸವೂ ಇರೋದಿಲ್ಲ, ಲೆಕ್ಕದಲ್ಲಿ ಒಂದು ತಪ್ಪೂ ಸಿಗೋದಿಲ್ಲ. ಆದರೆ ನಿಮಗೆ ಏನೂ ಗೊತ್ತಾಗಿರೋದಿಲ್ಲ. ಇದನ್ನ ಹಿಡಿಯೋದಕ್ಕೆ ಎರಡೂ ವಿಷಯ ಬೇಕು.”

ಅವರು ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ಓದಿದರು. ನಂತರ ಎರಡನೆಯ ಪ್ರಶ್ನೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದರು. ಮುಂದಿನ ತಿಂಗಳು ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಪ್ರಶ್ನೆ ಬರೆಯುವುದೂ ನಾನೇ, ಉತ್ತರಗಳ ಲೆಕ್ಕ ಮಾಡುವುದೂ ನಾನೇ.

ಅವ್ವ ಈಗ ಅದೇ ಕೇಂದ್ರದಲ್ಲಿ ಎಂ.ಎ.ಗೆ ಸೇರಿದ್ದಾಳೆ. ಅಲ್ಲಿ ವಿದ್ಯಾರ್ಥಿಗಳೂ ಸರದಿಯಂತೆ ತರಗತಿಗೆ ಪಾಠ ಹೇಳಬೇಕು. ಮೆಟ್ರೋ ಆದಮೇಲೆ ಸ್ವಾರಗೇಟಿಗೆ ಹೋಗುವುದು ಸಲೀಸು. ಕಳೆದ ರವಿವಾರ ನಾನೂ ಬರಲೇ ಎಂದು ಕೇಳಿದೆ.

“ಬ್ಯಾಡ,” ಎಂದಳು ಚಪ್ಪಲಿ ಮೆಟ್ಟುತ್ತ. “ಇವತ್ತು ಪಾಠ ಹೇಳೂದು ನನ್ನ ಪಾಳಿ ಅದ. ನೀ ಇದ್ದರ ನಿನ್ನ ಮಾರಿ ನೋಡಕೋತ ನಿಲ್ಲತೀನಿ.”