ನೀಲಗಂಗವ್ವನ ಗುಲಗಂಜಿ

ಹಲಗೇರಿಯ ನೀಲಗಂಗವ್ವ ಎಚ್ಚರವಿದ್ದಾಗಲೂ ಅರ್ಧ ಕನಸಿನಲ್ಲೇ ಇರುತ್ತಾಳೆ ಎಂದು ಊರವರು ಹೇಳುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು ಕಿಟಕಿಯಾಚೆ ನೋಡುತ್ತ ನಿಂತರೆ, ಹಾಲು ಉಕ್ಕಿ ಒಲೆ ನಂದಿದ್ದು ಕೂಡ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಕೈಬೆರಳುಗಳ ಮಾತು ಬೇರೆ. ಅವಳೂ ಗಂಡ ನಿಜಲಿಂಗಪ್ಪನೂ ಬೀಜದ ಕಂಪನಿಗಾಗಿ ಟೊಮ್ಯಾಟೊ ಬೆಳೆಯುತ್ತಿದ್ದರು. ಹೊಲಕ್ಕೆ ಹೊಲವೇ ಸಣ್ಣ ಕಣ್ಣಿನ ಬಲೆ ಹೊದಿಸಿದ ಬಿಳಿ ನೆಟ್ಟಿನ ಮನೆಯೊಳಗಿತ್ತು. ದುಂಬಿ, ಜೇನು ಒಳಹೊಕ್ಕು ಬೇರೆ ಗಿಡದ ಪರಾಗ ತಂದು ಹಾಕಬಾರದೆಂದು ಆ ಏರ್ಪಾಡು. ಒಳಗೆ ಬಿಸಿಲು ನೀರು ಬೆರೆಸಿದ ಹಾಲಿನಂತೆ ತೆಳ್ಳಗಾಗಿ ಇಳಿಯುತ್ತಿತ್ತು. ಆ ಬೆಳಕಿನಲ್ಲಿ ಕೂತು ನೀಲಗಂಗವ್ವ ಮೊಗ್ಗು ಬಿಡಿಸಿ, ಗಂಡು ಎಳೆಗಳನ್ನು ಚಿಮಟದಿಂದ ತೆಗೆದು, ಮರುದಿನ ಬೇರೆ ಗಿಡದ ಪರಾಗವನ್ನು ಮುಟ್ಟಿಸುತ್ತಿದ್ದಳು. ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು, ಮನಸ್ಸು ಎಲ್ಲೆಲ್ಲೋ ಹೋಗಿ ಬರುತ್ತಿತ್ತು.

ಅವರಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಇಬ್ಬರೂ ಎಂದೋ ಆಡುವುದು ಬಿಟ್ಟಿದ್ದರು.

ನಾಯಿ ಬಂದದ್ದು ರಾಣೆಬೆನ್ನೂರಿನಿಂದ. ನೀಲಗಂಗವ್ವನ ಅಣ್ಣನ ಮಗಳು ಐಶ್ವರ್ಯ ಅದನ್ನು ಆಸೆಪಟ್ಟು ತಂದು ಸಾಕಿದ್ದಳು. ಆದರೆ ಅವಳ ಕೂಸಿಗೆ ಉಬ್ಬಸ ಶುರುವಾಗಿ, ಮನೆಯಲ್ಲಿ ನಾಯಿ ಬೇಡವೆಂದು ಡಾಕ್ಟರು ಹೇಳಿದ ಮೇಲೆ, ಕಣ್ಣು ಒರೆಸಿಕೊಳ್ಳುತ್ತ ಅತ್ತೆಯ ಮನೆಗೆ ತಂದಳು. ಚೀಲದಿಂದ ತೆಗೆದು ಅಂಗೈ ಮೇಲೆ ಕೂಡಿಸಿದಾಗ ನಿಜಲಿಂಗಪ್ಪ ನಕ್ಕುಬಿಟ್ಟ. "ಇದು ನಾಯಿನೋ ಅಳಿಲೋ?"

"ಚಿವಾವಾ ಅಂತ ಜಾತಿ, ಮಾಮಾ. ಇದು ಬೆಳಿಯೂದು ಇಷ್ಟ. ಎರಡು ಕೇಜಿ ಆದ್ರ ಭಾಳಾತು," ಎಂದಳು ಐಶ್ವರ್ಯ. ಆಮೇಲೆ ಅತ್ತೆಯ ಕಡೆ ತಿರುಗಿ, "ಅತ್ತಿ, ಒಂದ ಮಾತು ನೆಪ್ಪಿಟಗೋ. ಬೆದಿಗೆ ಬರೂದರೊಳಗ ದವಾಖಾನಿಗೆ ಒಯ್ದು ಮರಿ ಆಗದಂಗ ಆಪರೇಶನ್ ಮಾಡಿಸಿಬಿಡು. ಇಷ್ಟು ಸಣ್ಣ ನಾಯಿಗೆ ಬಸಿರು ಅಂದ್ರ ಜೀವದ ಮ್ಯಾಲ ಬರತೈತಿ," ಎಂದಳು.

ನೀಲಗಂಗವ್ವ ಹೂಂಗುಟ್ಟಿದಳು. ಆದರೆ ಅವಳ ಮನಸ್ಸು ಆ ನಾಯಿಯ ಕಿವಿಯಲ್ಲಿತ್ತು. ಬಾಗಿಲ ಬಿಸಿಲು ಕಿವಿಯ ಹಿಂದಿನಿಂದ ಬಿದ್ದು, ಅದು ಎಲೆಯಂತೆ ಕೆಂಪಗೆ ಹೊಳೆಯುತ್ತಿತ್ತು. ಮೈಯೆಲ್ಲ ಕೆಂಚು, ಮೂತಿಯ ತುದಿ ಮಾತ್ರ ಕಪ್ಪು. ಅವಳು ಅದಕ್ಕೆ ಗುಲಗಂಜಿ ಎಂದು ಹೆಸರಿಟ್ಟಳು.

ಅಂದಿನಿಂದ ಗುಲಗಂಜಿಯ ಜಾಗ ನೀಲಗಂಗವ್ವನ ಪಕ್ಕದಲ್ಲೇ. ಹೊಲಕ್ಕೆ ಹೋಗುವಾಗ ಬುಟ್ಟಿಯಲ್ಲಿ ಹಳೇ ಕೌದಿಯ ತುಂಡು ಹಾಸಿ ಕೂಡಿಸುತ್ತಿದ್ದಳು. ಸಾಲಿನಿಂದ ಸಾಲಿಗೆ ಬುಟ್ಟಿಯೂ ಸರಿಯುತ್ತಿತ್ತು. ಜೊತೆಗೆ ಕೂತು ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಮಾಡುತ್ತಿದ್ದ ಅಕ್ಬರಬಿ, "ನೀಲಕ್ಕಾ, ಬಾಣಂತಿ ಕೂಸಿನ ಹೊತಗೊಂಡು ಬಂದಂಗ ಬರತೀ ನೋಡು," ಎಂದು ನಗುತ್ತಿದ್ದಳು. ಆ ಮಾತು ನೀಲಗಂಗವ್ವನಿಗೆ ಹಿತವಾಗಿ ಕೇಳುತ್ತಿತ್ತು.

ಐಶ್ವರ್ಯ ಫೋನ್ ಮಾಡಿದಾಗೆಲ್ಲ ಆಪರೇಶನ್ ಮಾತು ತೆಗೆಯುತ್ತಿದ್ದಳು. ಈ ಹೂವು ಮುಗಿಯಲಿ, ಕಾಯಿ ಕಟ್ಟಲಿ, ಬೀಜ ತೆಗೆದದ್ದು ಆಗಲಿ ಎಂದು ನೀಲಗಂಗವ್ವ ಮುಂದೂಡುತ್ತಿದ್ದಳು. ಕೆಲಸ ಬರೀ ನೆಪ. ಒಳಗೊಳಗೇ ಅವಳಿಗೊಂದು ಆಸೆ ಹುಟ್ಟಿಕೊಂಡಿತ್ತು. ಗುಲಗಂಜಿಯೇ ಇಷ್ಟು ಸಣ್ಣದಾದರೆ ಅದರ ಮರಿ ಎಷ್ಟಿದ್ದೀತು? ಬೊಗಸೆಯಲ್ಲಿ ಎಷ್ಟು ಹಿಡಿಸೀತು? ಹೂವಿನ ಎದುರು ಕೂತು ಅವಳು ಇದನ್ನೇ ಯೋಚಿಸುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ಒಂದು ದಿನ ಬೆಳಿಗ್ಗೆ ಕೌದಿಯ ಮೇಲೆ ರಕ್ತದ ಕಲೆ ಕಾಣಿಸಿತು. ಎಲ್ಲೋ ಮುಳ್ಳು ಚುಚ್ಚಿದೆಯೆಂದು ಅವಳು ಅರಿಸಿನ ತೇಯ್ದು ತಂದಳು. ನಿಜಲಿಂಗಪ್ಪ ಬಗ್ಗಿ ನೋಡಿ, "ಅರಿಸಿಣ ಯಾಕ? ಬೆದಿಗೆ ಬಂದೈತಿ ಅದು," ಎಂದ. ಕೌದಿಯನ್ನು ಮಡಚಿಡುತ್ತ, "ಎಲ್ಲೆರ ಒಂದು ಸಣ್ಣ ಗಂಡ ನಾಯಿ ಹುಡುಕೂಣೇನು? ನಿನಗ ಮರಿ ಬೇಕಂತ ನನಗೇನು ಗೊತ್ತಿಲ್ಲ ಅನಕೊಂಡೀ?" ಎಂದು ನಕ್ಕ.

ಅವಳು ಐಶ್ವರ್ಯಳಿಗೆ ಫೋನ್ ಮಾಡಿ ಕೇಳಿದಳು.

"ಬ್ಯಾಡ ಅತ್ತಿ. ಈ ಸಲ ಸುಮ್ಮನ ಮನಿಯೊಳಗ ಇಟಗೋ, ಬಾಗಿಲಾ ತಗೀಬ್ಯಾಡ. ರಕ್ತ ನಿಂತಿತಂದ್ರ ಮುಗೀತು ಅನಕೋಬ್ಯಾಡ. ಖರೇ ಹುಷಾರಿರಬೇಕಾದ್ದು ಆವಾಗ. ತಾನ ಓಡಿ ಹೋಗಾಕ ನೋಡತೈತಿ."

ಓಣಿಯ ನಾಯಿಗಳು ಗೇಟಿನ ಮುಂದೆ ಬಂದು ಮಲಗತೊಡಗಿದವು. ಬೆಳಿಗ್ಗೆ ಬಾಗಿಲು ತೆರೆದರೆ ಕರಿಯದು, ಬೂದಿಯದು, ಕಿವಿ ಹರಿದದ್ದು, ಎಲ್ಲ ಸಾಲಾಗಿ ತಲೆಯೆತ್ತಿ ನೋಡುತ್ತಿದ್ದವು. ಒಳಗೆ ಗುಲಗಂಜಿ ಬಾಗಿಲ ಸಂದಿಗೆ ಮೂಗು ಒತ್ತಿ ಕುಂಯ್‌ಗುಟ್ಟುತ್ತಿತ್ತು. ನೀಲಗಂಗವ್ವ ಅದನ್ನು ಎತ್ತಿಕೊಂಡು ತಟ್ಟುತ್ತಿದ್ದಳು. ಇಷ್ಟು ಸಣ್ಣ ಮೈಯಲ್ಲಿ ಇಷ್ಟು ದೊಡ್ಡ ಕರೆ ಎಲ್ಲಿಂದ ಬಂತು ಎಂದು ಅವಳಿಗೆ ಸೋಜಿಗ.

ಕೌದಿಯ ಮೇಲಿನ ಕಲೆ ತೆಳ್ಳಗಾಗಿ, ಆಮೇಲೆ ಕಾಣಿಸದಾಯಿತು. ಐಶ್ವರ್ಯ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಆದರೆ ಬುಟ್ಟಿ ತೆಗೆದ ಕೂಡಲೇ ಗುಲಗಂಜಿ ಬಾಲ ಆಡಿಸುತ್ತ ಕುಣಿದಾಗ ಅವಳಿಗೆ ತಡೆಯಲಾಗಲಿಲ್ಲ. ನೆಟ್ಟಿನ ಒಳಗೆ ಒಂದು ನೊಣ ಕೂಡ ಬರುವುದಿಲ್ಲ, ನಾಯಿ ಎಲ್ಲಿಂದ ಬಂದೀತು ಎಂದುಕೊಂಡು ಕರೆದೊಯ್ದಳು.

ಅಂದು ಗಾಳಿಯಿರಲಿಲ್ಲ. ಬಿಳಿಯ ಬೆಳಕು ಹೂವಿನ ಮೇಲೆ ಹಾಗೇ ನಿಂತುಬಿಟ್ಟಂತಿತ್ತು. ನೀಲಗಂಗವ್ವ ಪರಾಗದ ಡಬ್ಬಿ ಹಿಡಿದು ಸಾಲಿನುದ್ದ ಹೋದಳು. ಎಷ್ಟು ದೂರ ಹೋದಳೋ, ಬುಟ್ಟಿಯನ್ನು ಎಲ್ಲಿ ಬಿಟ್ಟಳೋ. ಹೊಲದ ಅಂಚಿನಲ್ಲಿ ನೀರಿನ ಪೈಪು ಒಳಬರುವ ಕಡೆ ನೆಟ್ಟು ಮಣ್ಣಿನಿಂದ ಮೇಲೆದ್ದಿತ್ತು. ಪಕ್ಕದ ಹೊಲದ ಅಶ್ಫಾಕನ ನಾಯಿ ಶೇರು ಅಲ್ಲಿಂದ ನುಸುಳಿ ಬಂದಿತ್ತು. ಅವಳಿಗೆ ಕೇಳಿಸಿದ್ದು ಒಂದು ಸಣ್ಣ ಕೂಗು. ತಿರುಗಿ ನೋಡುವಷ್ಟರಲ್ಲಿ ಎರಡೂ ಒಂದಕ್ಕೊಂದು ಗಂಟುಬಿದ್ದಿದ್ದವು. ದೊಡ್ಡ ನಾಯಿ ಕಾಲು ಮಡಚಿ ಕುಗ್ಗಿ ನಿಂತಿತ್ತು, ಗುಲಗಂಜಿಯ ಹಿಂಗಾಲು ನೆಲಕ್ಕೆ ತಾಗುತ್ತಿರಲಿಲ್ಲ.

ನೀಲಗಂಗವ್ವ ಓಡಿಹೋಗಿ ಎಳೆಯಲು ಕೈಹಾಕಿದಳು. ಅಕ್ಬರಬಿ ಅವಳ ರಟ್ಟೆ ಹಿಡಿದಳು.

"ಎಳೀಬ್ಯಾಡಕ್ಕಾ. ಒಳಗ ಹರದ್ರ ಸಾಯತೈತಿ. ತಾವ ಬಿಡತಾವ. ಸಣ್ಣದರ ಹೊಟ್ಟಿಗೆ ಕೈ ಕೊಟ್ಟು ಹಿಡಕೋ, ಅಷ್ಟ."

ನೀಲಗಂಗವ್ವ ಮಣ್ಣಲ್ಲಿ ಮೊಣಕಾಲೂರಿ ಗುಲಗಂಜಿಯ ಹೊಟ್ಟೆಯ ಕೆಳಗೆ ಕೈಯಿಟ್ಟು ಕೂತಳು. ಅಂಗೈಯಲ್ಲಿ ಅದರ ಎದೆ ಹೊಡೆದುಕೊಳ್ಳುತ್ತಿತ್ತು. ನಾಯಿಗಳು ಬಿಡಿಸಿಕೊಂಡ ಮೇಲೂ ಅವಳು ಬಹಳ ಹೊತ್ತು ಹಾಗೇ ಕೂತಿದ್ದಳು. ಅಂದಿನ ಹೂವುಗಳು ಹಾಗೇ ಉಳಿದವು.

ಮರುದಿನವೇ ನಿಜಲಿಂಗಪ್ಪ ಅವಳನ್ನೂ ಬುಟ್ಟಿಯನ್ನೂ ಗಾಡಿಯ ಹಿಂದೆ ಕೂಡಿಸಿಕೊಂಡು ರಾಣೆಬೆನ್ನೂರಿಗೆ ಹೋದ. ಪದ್ಮಜಾ ಎಂಬ ದನದ ಡಾಕ್ಟರು ಗುಲಗಂಜಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಸೊಂಟದ ಎಲುಬನ್ನು ಎರಡು ಬೆರಳಲ್ಲಿ ಮೆಲ್ಲಗೆ ಅಳೆದು ನೋಡಿದರು.

"ಕೂಡಿದ ಗಂಡು ಎಷ್ಟು ದೊಡ್ಡದದ?"

ನಿಜಲಿಂಗಪ್ಪ ತನ್ನ ತೊಡೆಯ ಹತ್ತಿರ ಕೈ ಹಿಡಿದು ತೋರಿಸಿದ. ಡಾಕ್ಟರು ಮತ್ತೊಮ್ಮೆ ಗುಲಗಂಜಿಯ ಸೊಂಟದ ಮೇಲೆ ಬೆರಳಿಟ್ಟರು.

"ಒಂದು ಸೂಜಿ ಹಾಕಿದ್ರ ಗರ್ಭ ಹೋಗಂಗಿಲ್ಲೇನ್ರಿ?" ಎಂದು ಅವನು ಕೇಳಿದ.

"ಅಂಥಾ ಸೂಜಿ ಅವ. ಆದ್ರ ಮುಂದ ಗರ್ಭಚೀಲದಾಗ ಕೀವು ತುಂಬಿ ಅದ ದೊಡ್ಡ ಫಜೀತಿ ಆಗಬಹುದು. ನಾ ಅದನ್ನ ಹೇಳೂದಿಲ್ಲ. ಆಪರೇಶನ್ ಮಾಡಿ ಗರ್ಭಚೀಲಾನ ತಗದುಬಿಡೂದು ಛಲೋ. ಆದ್ರ ಈಗ ಬ್ಯಾಡ, ಬೆದಿಯೊಳಗ ರಕ್ತ ಹೆಚ್ಚು ಹೋಗ್ತದ. ಪೂರ್ತಿ ಇಳೀಲಿ, ಆಮ್ಯಾಲ ಕರಕೊಂಡು ಬರ್ರಿ. ಭಾಳ ತಡಾ ಮಾಡಬ್ಯಾಡ್ರಿ. ಅಲ್ಲಿ ತನಾ ಮತ್ತೊಂದು ನಾಯಿ ಹತ್ರ ಬರಬಾರದು."

"ಮರಿ ಆಗಾಕ ಬಿಟ್ರ?" ಎಂದಳು ನೀಲಗಂಗವ್ವ.

ಪದ್ಮಜಾ ಕುರ್ಚಿ ಎಳೆದು ಕೂತರು. "ಹಿಂದ ಒಂದು ಸಲ ಬ್ಯಾಡಗಿಯಿಂದ ಇಂಥಾದ್ದ ಒಂದನ್ನ ತಂದಿದ್ರು, ಅಮ್ಮಾರ. ಮರಿ ತಲಿ ದೊಡ್ಡದು, ದಾರಿ ಸಣ್ಣದು. ಹಿಂದಿನ ದಿನದಿಂದ ಒದ್ದಾಡಿತ್ತು. ಹೊಟ್ಟಿ ಕೊಯ್ದೆ. ಮರಿನೂ ಉಳೀಲಿಲ್ಲ, ತಾಯಿನೂ ಉಳೀಲಿಲ್ಲ. ಆ ಮನಿಯವರು ಕೆಟ್ಟವರಲ್ಲ. ತೊಡಿಮ್ಯಾಲ ಕೂಡಿಸಿಕೊಂಡು ಉಣ್ಣಾವ್ರು. ಬ್ಯಾಡಾಗಿದ್ದು ಆಗೂದರೊಳಗ ತಡೀಬೇಕು ಅನ್ನೂದು ಅವರಿಗೆ ಹೊಳೀಲಿಲ್ಲ, ಅಷ್ಟ. ನಿಮ್ಮದರಾಗ ಇನ್ನೂ ಹೊತ್ತದ."

ಮನೆಗೆ ಬಂದ ಮೇಲೆ ನಿಜಲಿಂಗಪ್ಪ ಗೇಟಿನ ಕೆಳಗಿನ ಸಂದಿಗೆ ತಂತಿಯ ಜಾಲರಿ ಬಿಗಿದ. ನೆಟ್ಟಿನ ಅಂಚಿಗೆಲ್ಲ ಮಣ್ಣು ಎಳೆದು ಕಲ್ಲಿಟ್ಟ. ಗುಲಗಂಜಿ ಒಳಕೋಣೆಯಲ್ಲಿ ಉಳಿಯಿತು. ನೀಲಗಂಗವ್ವ ಹೊಲದಿಂದ ಬೇಗ ಬಂದು ಅದರ ಪಕ್ಕ ಅಡ್ಡಾಗುತ್ತಿದ್ದಳು. ಅದರ ಹೊಟ್ಟೆ ಬೆಚ್ಚಗಿರುತ್ತಿತ್ತು. ಅದರೊಳಗೆ ಏನಾದರೂ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವಳು ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ಇದ್ದರೆ ಎಷ್ಟಿದ್ದೀತು, ಸಾಸಿವೆಯಷ್ಟೇ? ಬೇಡವೆಂದು ತಾನೇ ಹೇಳಬೇಕಲ್ಲ ಎಂದು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಹಾಗೇ ಕಣ್ಣು ಹತ್ತಿ ಕನಸು ಬಿತ್ತು. ಟೊಮ್ಯಾಟೊ ಸಾಲುಗಳ ನಡುವೆ ಮರಿಗಳು ಓಡುತ್ತಿದ್ದವು. ಕೆಂಚು ಮರಿ, ಕಪ್ಪು ಮೂತಿ. ಅವಳು ನಗುತ್ತ ಹಿಂದೆ ಓಡಿದಳು. ಪ್ರತಿ ಸಾಲು ತಿರುಗಿದಾಗ ಮರಿಗಳು ದೊಡ್ಡದಾಗುತ್ತಿದ್ದವು. ಕಡೆಯ ಸಾಲಿಗೆ ಬರುವಷ್ಟರಲ್ಲಿ ಅವು ಕರುಗಳಷ್ಟಾಗಿ ಅವಳನ್ನು ಸುತ್ತಿಕೊಂಡು, ನಮ್ಮವ್ವ ಎಲ್ಲಿ ಎಂಬಂತೆ ನೋಡುತ್ತಿದ್ದವು. ನೀಲಗಂಗವ್ವ ಮುಷ್ಟಿ ಬಿಚ್ಚಿದಳು. ಗುಲಗಂಜಿ ಅಲ್ಲಿತ್ತು, ಖರೇ ಗುಲಗಂಜಿ ಬೀಜದಷ್ಟೇ ಆಗಿ. ಬೆರಳ ಸಂದಿಯಿಂದ ಜಾರಿ ಅದು ಮಣ್ಣಿಗೆ ಬಿತ್ತು. ಅವಳು ಮಣ್ಣು ಕೆದರಿದಳು, ಕೆದರಿದಳು, ಸಿಗಲಿಲ್ಲ.

ಎದ್ದಾಗ ಗುಲಗಂಜಿ ಅವಳ ಕತ್ತಿನ ಹತ್ತಿರ ಸುರುಳಿ ಸುತ್ತಿಕೊಂಡು ಮಲಗಿತ್ತು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಗಂಡನ ಹತ್ತಿರ ಹೋಗಿ ನಿಂತಳು.

"ಡಾಕ್ಟರಿಗೆ ಫೋನ್ ಹಚ್ರಿ. ಯಾವಾಗ ಬರಬೇಕು ಕೇಳ್ರಿ."

ಅವನು ತಲೆಯೆತ್ತಿದ. "ನಿನಗ ಮರಿ ಆಸೆ ಇತ್ತಲ್ಲ."

"ನನ್ನ ಆಸೆ ನಂದು. ಅದರ ಮೈ ಅದರದು."

ನಿಜಲಿಂಗಪ್ಪ ಹಗ್ಗ ಕೆಳಗಿಟ್ಟ. ಫೋನ್ ತರಲು ಒಳಗೆ ಹೋದ.

ಆಪರೇಶನ್ ಆಗುವ ತನಕ ಅವರಿಬ್ಬರೂ ದವಾಖಾನೆಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ರಸ್ತೆಯಲ್ಲಿ ಬ್ಯಾಡಗಿಯ ಕಡೆ ಹೊರಟ ಮೆಣಸಿನಕಾಯಿ ಲಾರಿಯೊಂದು ಹಾದುಹೋಯಿತು. ಅದರ ಘಾಟು ಬಹಳ ಹೊತ್ತು ಗಾಳಿಯಲ್ಲಿ ಉಳಿದು ಇಬ್ಬರ ಕಣ್ಣಲ್ಲೂ ನೀರು ತರಿಸಿತು. ಒರೆಸಿಕೊಳ್ಳಲು ಅವಸರ ಮಾಡಲಿಲ್ಲ. ಕಡೆಗೆ ಪದ್ಮಜಾ ಹೊರಗೆ ಬಂದು, "ಛಲೋ ಆಗ್ಯದ, ಅಮ್ಮಾರ. ಒಳಗ ಬರ್ರಿ. ಅದಕ್ಕ ಎಚ್ಚರಾಗೂ ಹೊತ್ತಿಗೆ ನಿಮ್ಮ ವಾಸನಿ ಇರಲಿ," ಎಂದರು. ಗರ್ಭ ನಿಂತಿತ್ತೇ ಎಂದು ನೀಲಗಂಗವ್ವ ಕೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ. ಅವಳು ಸೆರಗಿನ ತುದಿಯನ್ನು ಗುಲಗಂಜಿಯ ಮೂಗಿನ ಹತ್ತಿರ ಇಟ್ಟಳು. ಅದು ಕಣ್ಣು ತೆರೆಯದೆಯೇ ನಾಲಿಗೆ ಚಾಚಿ ಬಟ್ಟೆ ನೆಕ್ಕಿತು.

ಗಾಯ ಆರುತ್ತಿದ್ದಾಗ ಅಶ್ಫಾಕ ನೋಡಲು ಬಂದ. ಬಾಗಿಲಲ್ಲೇ ನಿಂತು, "ನಮ್ಮ ಶೇರೂನಿಂದ ಇಷ್ಟೆಲ್ಲಾ ಆತು, ಕಾಕಿ," ಎಂದ.

"ಶೇರೂ ಏನ್ ಮಾಡತೈತೋ. ನೆಟ್ಟು ಎದ್ದಿದ್ದು ನಾ ನೋಡಬೇಕಿತ್ತು. ಬಾ, ಕುಂದರ."

ಅವನು ಕೂತ. ಚಹಾ ಕುಡಿದು ಮುಗಿಸಿ ತಲೆ ಕೆರೆದುಕೊಳ್ಳುತ್ತ, "ಗಂಡ ನಾಯಿಗೂ ಆಪರೇಶನ್ ಮಾಡತಾರಂತ, ಖರೇನು?" ಎಂದ.

"ಮಾಡತಾರ. ಹೆಣ್ಣಿಗೆ ಮಾಡಿದಷ್ಟು ತ್ರಾಸೂ ಇರಂಗಿಲ್ಲಂತ."

"ಮಾಡಿಸಿದ್ರ ಹೊಲಾ ಕಾಯೂದು ಬಿಡತೈತೇನೋ."

"ಹೊಲಕ್ಕ ಕಳ್ಳರು ಬಂದ್ರ, ನಾಯಿಗೆ ಆಪರೇಶನ್ ಆಗೈತೇನು ಅಂತ ಕೇಳಿ ಬರತಾರೇನು?" ಎಂದ ನಿಜಲಿಂಗಪ್ಪ ಒಳಗಿನಿಂದ. ಮೂವರೂ ನಕ್ಕರು. ಅಶ್ಫಾಕ ಅಂದು ಹೂಂ ಅನ್ನಲಿಲ್ಲ. ಆದರೆ ಹೊಲಿಗೆ ಬಿಚ್ಚಿಸಲು ಗುಲಗಂಜಿಯನ್ನು ಕರೆದೊಯ್ದ ದಿನ, ದವಾಖಾನೆಯ ಅಂಗಳದಲ್ಲಿ ಶೇರುವಿನ ಕೊರಳ ಹಗ್ಗ ಹಿಡಿದು ನಿಂತಿದ್ದ. ಇವರನ್ನು ನೋಡಿ ನಾಚಿಕೊಂಡು ಮುಖ ಆಚೆ ತಿರುಗಿಸಿಕೊಂಡ.

ಹೊಲಿಗೆ ಬಿಚ್ಚಿದ ಮೇಲೆ ನಿಜಲಿಂಗಪ್ಪ ಗಾಡಿಯನ್ನು ಊರ ಕಡೆ ತಿರುಗಿಸಲಿಲ್ಲ. "ಭಾಳ ದಿನ ಕೋಣ್ಯಾಗ ಇತ್ತಲ್ಲ. ಐರಣಿ ಹೊಳಿಗೆ ಹೋಗಿ ಬರೂಣು," ಎಂದ. ನೀಲಗಂಗವ್ವ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಐರಣಿಯಲ್ಲಿ ತುಂಗಭದ್ರೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿದ್ದಳು. ಬಂಡೆಗಳ ನಡುವೆ ನೀರು ನಿಂತಲ್ಲಿ ಆಕಾಶ ಬಿದ್ದುಕೊಂಡಿತ್ತು. ಗುಲಗಂಜಿಯನ್ನು ಕೆಳಗೆ ಬಿಟ್ಟಾಗ ಅದು ಮರಳಿನ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ನೀರಿನ ಅಂಚಿಗೆ ಹೋಯಿತು. ಹೊಳೆಯನ್ನು ಅದು ನೋಡಿದ್ದೇ ಅಂದು. ಕಿವಿ ನೆಟ್ಟಗೆ ಮಾಡಿ ಆಚೆ ದಡದ ತನಕ ನೋಡಿತು. ಒಂದು ಸಣ್ಣ ತೆರೆ ಬಂದು ಕಾಲಿಗೆ ತಾಗಿದಾಗ ಹಿಂದೆ ಜಿಗಿದು, ಮತ್ತೆ ಮುಂದೆ ಹೋಗಿ, ಬೊಗಳಿತು. ಅವರಿಬ್ಬರನ್ನು ಬಿಟ್ಟರೆ ಸುತ್ತಲೂ ಯಾರೂ ಇರಲಿಲ್ಲ. ನೀಲಗಂಗವ್ವ ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲಿನ ತನಕ ಎತ್ತಿಕೊಂಡು ನೀರಿಗೆ ಇಳಿದಳು. ಗುಲಗಂಜಿ ಅವಳ ಹಿಂದೆ ಬರಲೋ ಬೇಡವೋ ಎಂದು ದಡದಲ್ಲಿ ಅತ್ತಿತ್ತ ಓಡಾಡತೊಡಗಿತು. ನೀಲಗಂಗವ್ವ ತಿರುಗಿ ನಿಂತು, ನಗುತ್ತ ಅದರತ್ತ ಕೈ ಚಾಚಿದಳು.