ಮರಕ್ಕೆ ಹಾಕಿದ ಸೊನ್ನೆ

ಪೀಣ್ಯದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಕೆಲಸದಲ್ಲಿದ್ದೇನೆ. ಗೋದಾಮು, ಶೆಡ್ಡುಗಳಿಗೆ ಬೇಕಾದ ಕಂಬ, ಬೀಮ್‌ಗಳನ್ನು ಕತ್ತರಿಸಿ, ವೆಲ್ಡ್ ಮಾಡಿ, ಬಣ್ಣ ಬಳಿದು, ಟ್ರೈಲರಿಗೆ ಹೇರಿ ಸೈಟಿಗೆ ಕಳಿಸುತ್ತೇವೆ. ಯಾವ ತುಂಡು ಯಾವ ಗಾಡಿಗೆ, ಯಾವ ಪದರದಲ್ಲಿ ಎಂದು ಬರೆದುಕೊಡುವುದು ನನ್ನ ಕೆಲಸ. ಬರೆದುಕೊಡುವುದು ಅಷ್ಟೇ. ನಿಜವಾಗಿ ಅದು ಗೊತ್ತಿದ್ದದ್ದು ಹೇರುವ ಗ್ಯಾಂಗಿನ ಮೇಸ್ತ್ರಿಗೆ.

ಮೇಸ್ತ್ರಿ ಯಾದಗಿರಿ ಕಡೆಯವರು, ಐವತ್ತರ ಆಸುಪಾಸು. ಬಾಗಲಗುಂಟೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಶೀಟಿನ ರೂಮಿನಲ್ಲಿ ಹೆಂಡತಿಯೊಂದಿಗೆ ಬಾಡಿಗೆಗಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ಅಂಗಳದ ಕಾಂಕ್ರೀಟಿನ ಮೇಲೆ ಸೀಮೆಸುಣ್ಣದಲ್ಲಿ ಟ್ರೈಲರಿನ ಅಳತೆಗೆ ಗೆರೆ ಎಳೆದು, ಅದರೊಳಗೆ ನಿಂತು, ಸುತ್ತ ಬಿದ್ದಿರುವ ಕಬ್ಬಿಣವನ್ನೆಲ್ಲ ಒಮ್ಮೆ ನೋಡುವರು. ಸೈಟಿನಲ್ಲಿ ಮೊದಲು ನಿಲ್ಲಿಸುವ ಕಂಬವನ್ನು ಇಲ್ಲಿ ಕೊನೆಗೆ ಹೇರಬೇಕು, ಅದು ಎಲ್ಲದರ ಮೇಲಿರಬೇಕು. ಪದರಕ್ಕೊಂದು ಸಾಲು ಮೂರಿಂಚಿನ ಮರದ ತುಂಡು ಇಡಬೇಕು. ಮರ ಇಲ್ಲದಿದ್ದರೆ ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ಕ್ರೇನಿನ ಬೆಲ್ಟು ಕೆಳಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಬಿಡಿಸಲು ಯಾರೋ ಒಬ್ಬ ಕೈ ತೂರಿಸುತ್ತಾನೆ. ಮೇಸ್ತ್ರಿಯ ಎಡಗೈ ಕಿರುಬೆರಳು ಅರ್ಧವೇ ಇತ್ತು. ಹೇಗೆ ಹೋಯಿತೆಂದು ನಾನು ಕೇಳಿದವಳಲ್ಲ.

ಆಮೇಲೆ ಸಾಫ್ಟ್‌ವೇರ್ ಬಂತು. ತಂದವರು ನಮ್ಮ ಕಂಪನಿಯ ವೈಟ್‌ಫೀಲ್ಡ್ ಆಫೀಸಿನ ಸಾಹೇಬರು. ತುಂಡುಗಳ ಉದ್ದ, ಅಗಲ, ತೂಕ ತುಂಬಿ ಒಂದು ಗುಂಡಿ ಒತ್ತಿದರೆ, ಪರದೆಯ ಮೇಲೆ ಟ್ರೈಲರ್ ಮೂಡಿ, ಬಣ್ಣಬಣ್ಣದ ಬೀಮ್‌ಗಳು ತಾವಾಗಿಯೇ ಬಂದು ಕೂರುತ್ತಿದ್ದವು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ? ಬಿಸಿಲಲ್ಲಿ ಅಂಗಳ ಸುತ್ತುವುದು ತಪ್ಪಿತು, ಫ್ಯಾನಿನ ಕೆಳಗೆ ಕುಳಿತು ಕೆಲಸ ಮುಗಿಯುತ್ತಿತ್ತು.

ಮೊದಲ ದೊಡ್ಡ ಆರ್ಡರಿಗೆ ಅದು ಐದು ಗಾಡಿ ಬೇಕು ಎಂದಿತು. ಮೇಸ್ತ್ರಿಯೂ ಐದೇ ಹೇಳಿದ್ದರು. ಸಾಹೇಬರ ಮುಖ ಸಪ್ಪಗಾಯಿತು. ಗಾಡಿ ಕಮ್ಮಿ ಮಾಡಿಸ್ತೀನಿ ಅಂತ ಮೇಲಿನವರಿಗೆ ಕೊಚ್ಚಿಕೊಂಡು ಬಂದಿದ್ದರಲ್ಲ! ನನ್ನ ಹಿಂದೆ ನಿಂತು ಪರದೆಯಲ್ಲಿದ್ದ ಒಂದೊಂದೇ ಖಾನೆ ನೋಡುತ್ತ ಬಂದವರು, ಒಂದರ ಮೇಲೆ ಬೆರಳಿಟ್ಟರು.

“ಇದೇನು ಮೇಡಂ, ಸೆವೆಂಟಿಫೈವ್?”

“ಪದರದ ಮಧ್ಯೆ ಇಡೋ ಮರ ಸಾರ್. ಮೂರಿಂಚು, ಮಿಲಿಮೀಟರ್ ಲೆಕ್ಕದಲ್ಲಿ.”

“ಮರ ನಮ್ಮ ಪ್ರಾಡಕ್ಟಾ? ಝೀರೋ ಹಾಕಿ ನೋಡೋಣ.”

ಹಾಕಿದೆ. ನಾಲ್ಕು ಪದರದ ಮರ ಹೋಗಿ, ಗಾಡಿಯ ಎತ್ತರದಲ್ಲಿ ಒಂದಡಿ ಜಾಗ ಉಳಿಯಿತು. ಐದು ನಾಲ್ಕಾಯಿತು. “ಸೂಪರ್ ಮೇಡಂ, ಇದನ್ನೇ ಫ್ರೀಜ್ ಮಾಡಿ” ಎಂದರು, ಬೆನ್ನು ತಟ್ಟುವುದೊಂದು ಬಾಕಿ. ಇದು ಆಗದ ಹೋಗದ ಮಾತು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪ್ರಿಂಟ್ ತೆಗೆದು ಕೆಳಗೆ ಸಹಿ ಹಾಕಿದೆ.

ಮೇಸ್ತ್ರಿ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಅಕ್ಕಾರ, ಇದರಾಗ ಕಟ್ಟಿಗಿ ಎಲ್ಲೈತ್ರೀ?”

“ಪೇಪರ್‌ನಲ್ಲಿ ಇದ್ದಂಗೆ ಹೇರಿ ಮೇಸ್ತ್ರಿ. ಇದು ನಿಮ್ಮ ಸೀಮೆಸುಣ್ಣ ಅಲ್ಲ, ಕಂಪ್ಯೂಟರು” ಎಂದು ರೇಗಿದೆ. ತಪ್ಪು ನನ್ನ ಕಡೆ ಇದ್ದಾಗ ನನ್ನ ದನಿ ಯಾವಾಗಲೂ ಒಂದು ಮೆಟ್ಟಿಲು ಮೇಲೇರುತ್ತದೆ.

ಅವರು ಕಾಗದವನ್ನು ಮಡಚಿ ಜೇಬಿಗಿಟ್ಟರು. ಅಂಗಳಕ್ಕೆ ಹೋಗಿ ಎಂದಿನಂತೆ ಮರ ಇಟ್ಟೇ ಹೇರಿದರು. ನಾಲ್ಕೂ ಗಾಡಿ ತುಂಬಿದ ಮೇಲೆ ಆರು ಬೀಮ್ ಅಂಗಳದಲ್ಲೇ ಉಳಿದವು. ಸೈಟಿನಲ್ಲಿ ಅದೇ ಆರಕ್ಕೆ ಕಾದು ಕ್ರೇನು ಇಡೀ ದಿನ ಸುಮ್ಮನೆ ನಿಂತಿತು. ಅಲ್ಲಿಂದ ವೈಟ್‌ಫೀಲ್ಡಿಗೆ ಫೋನು ಹೋಯಿತು, ಮರುದಿನ ಬೆಳಿಗ್ಗೆ ಮೀಟಿಂಗ್.

ಮೀಟಿಂಗಿಗೆ ಮುಂಚೆ ಮೇಸ್ತ್ರಿ ನನ್ನ ಕಿಟಕಿಯ ಹತ್ತಿರ ಬಂದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಅಕ್ಕಾರ, ನಾ ಕಂತ್ರಾಟಿ ಮಂದಿ, ನನ್ನ ಒಳಗ ಕರಿಯಂಗಿಲ್ಲ. ತಪ್ಪೆಲ್ಲ ನಂದ ಅಂದ್ರ ಗೇಟ್ ಪಾಸ್ ಕಸಗೋತಾರ. ಕಟ್ಟಿಗಿ ಲೆಕ್ಕಕ್ಕ ಹಿಡಿದಿಲ್ಲಂತ ನೀವೊಂದು ಮಾತು ಹೇಳ್ರಿ, ಸಾಕು.”

“ಹೇಳ್ತೀನಿ, ಹೋಗಿ ಮೇಸ್ತ್ರಿ. ನಾನಿಲ್ವಾ?” ಎಂದೆ. ಹಾಗೆಂದಾಗ ಹೇಳಬೇಕೆಂದೇ ಇತ್ತು.

ಒಳಗೆ ಏಸಿ ಹಾಕಿದ್ದರು. ಗೋಡೆಯ ಮೇಲೆ ನನ್ನ ಪ್ಲಾನು, ಮೂಲೆಯಲ್ಲಿ ನನ್ನ ಹೆಸರು. ಸಾಹೇಬರ ಪಕ್ಕ ಅವರ ಮೇಲಿನವರಿಬ್ಬರು. ಸಾಹೇಬರು ನನ್ನತ್ತ ತಿರುಗಿ, “ಮೇಡಂ, ಈ ಪ್ಲಾನ್ ಪ್ರಕಾರ ನಾಲ್ಕು ಗಾಡಿಗೆ ಎಲ್ಲ ಹಿಡಿಯುತ್ತೋ ಇಲ್ವೋ? ಒಂದೇ ಮಾತಲ್ಲಿ ಹೇಳಿ” ಎಂದರು. ಅವರ ಕಣ್ಣು ನನ್ನನ್ನು ಬಿಟ್ಟು ಕದಲಲಿಲ್ಲ. ಸೊನ್ನೆ ಒತ್ತಿದ ಬೆರಳು ನನ್ನದು, ಸಹಿ ನನ್ನದು. ಮರದ ಮಾತೆತ್ತಿದರೆ ನಾನೂ ಸಿಕ್ಕಿಬೀಳುತ್ತೇನೆ.

“ಪ್ಲಾನ್ ಪ್ರಕಾರ ಹಿಡಿಯುತ್ತೆ ಸಾರ್.”

ಇಷ್ಟೇ ನಾನಂದದ್ದು. ಪದಕ್ಕೆ ಪದ ಹಿಡಿದರೆ ಸುಳ್ಳಲ್ಲ. ಥೂ, ಅದೂ ಒಂದು ಮಾತೇ!

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯ ಗೇಟ್ ಪಾಸ್ ಹೋಯಿತು. ಪ್ಲಾನ್ ಮೀರಿ ಹೇರಿದ್ದಕ್ಕೆ ಎಂದು ಬರೆದರು. ಏನಾಯಿತೆಂದು ನನ್ನ ಬಾಯಿಂದ ಕೇಳಲು ಅವರು ಮುಂದಿನ ಗೇಟಿನ ಟೀ ಅಂಗಡಿಯ ಹತ್ತಿರ ಕಾಯುತ್ತಿದ್ದಾರೆಂದು ಸೆಕ್ಯೂರಿಟಿಯವನು ಬಂದು ಹೇಳಿದ. ಸಂಜೆ ನಾನು ಹಿಂದಿನ ಗೇಟಿನಿಂದ ಮನೆಗೆ ಹೋದೆ. ತಿಂಗಳು ತುಂಬುವುದರೊಳಗೆ ಅವರು ರೂಮು ಖಾಲಿ ಮಾಡಿದರೆಂದು ಬೀದಿಯ ಕೊನೆಯ ಅಂಗಡಿಯವಳು ಹೇಳಿದಳು. ನನಗೆ ನಿರಾಳವೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಹೊಸ ಗ್ಯಾಂಗಿನವರು ಹೇಳಿದಂತೆ ಕೇಳುವವರು. ಮರವಿಲ್ಲದೆ ಹೇರಿದರು. ಮೂರನೆಯ ಲೋಡು ತುಮಕೂರು ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರಿ, ಒಂದು ಬೀಮ್ ಹೋಗಿ ಡ್ರೈವರನ ಕ್ಯಾಬಿನ್ನಿನ ಹಿಂಬದಿಗೆ ಗುದ್ದಿತು. ಅವನ ಪುಣ್ಯ, ಏನೂ ಆಗಲಿಲ್ಲ. ಅಂದೇ ಸಾಹೇಬರ ಫೋನು. “ಮೇಡಂ, ಆ ಮರದ್ದು ಸೆವೆಂಟಿಫೈವ್ ಹಾಕ್ಬಿಡಿ. ಮೀಟಿಂಗು ಗೀಟಿಂಗು ಏನೂ ಬೇಡ, ಸುಮ್ನೆ ಹಾಕ್ಬಿಡಿ.”

ಹಾಕಿದೆ. ನಾಲ್ಕು ಮತ್ತೆ ಐದಾಯಿತು. ಯಾರೂ ಯಾಕೆ ಎಂದು ಕೇಳಲಿಲ್ಲ. ‘ಹಾಗಾದರೆ ಮೇಸ್ತ್ರಿನ ವಾಪಸ್ ಕರೀರಿ ಸಾರ್’ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅದನ್ನೂ ನುಂಗಿಕೊಂಡೆ, ಅಭ್ಯಾಸವಾಗಿತ್ತಲ್ಲ.

ಹೋದ ತಿಂಗಳು ಎಂಟನೇ ಮೈಲಿಯ ಸ್ಟಾಪಿನಲ್ಲಿ ನಿಂತಿದ್ದೆ. “ಅಕ್ಕಾರ!” ಎಂದು ಯಾರೋ ಕೂಗಿದರು. ಮೇಸ್ತ್ರಿ. ನೀಲಿ ಅಂಗಿ, ತೋಳಿನ ಮೇಲೆ ಸೆಕ್ಯೂರಿಟಿ ಪಟ್ಟಿ. ಸಿಂಗಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟು ಕಾಯುತ್ತಿದ್ದಾರಂತೆ, ಊರಿನವರ ಮನೆಗೆ ಬಂದಿದ್ದರಂತೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಆರಾಮ ಇದ್ದೀರೇನ್ರೀ? ಈಗ ಕಟ್ಟಿಗಿ ಹಾಕ್ತಾರೇನ್ರೀ ಅಲ್ಲಿ?”

“ಹಾಕ್ತಾರೆ ಮೇಸ್ತ್ರಿ.”

ಅವರ ಮುಖ ಅರಳಿತು. “ನೀವ ಹೇಳಿ ಮಾಡಿಸೀರಿ, ಹೌದಿಲ್ಲೋ? ಅವತ್ತೂ ನೀವು ಹೇಳಿರ್ತೀರಿ, ದೊಡ್ಡ ಮಂದಿ ಕೇಳಿರಂಗಿಲ್ಲ. ಅಕ್ಕಾರ ಬಿಡೂದಿಲ್ಲ, ಒಂದಿನ ಹಾಕಿಸ್ತಾರಂತ ನಮ್ಮಾಕಿ ಮುಂದ ಅಂತಿದ್ದೆ.”

ಸುತ್ತ ಲಾರಿಗಳ ಸದ್ದು. ಇಲ್ಲ ಎನ್ನಲು ಅರ್ಧ ಕ್ಷಣ ಸಾಕಿತ್ತು.

“ಹೂಂ” ಎಂದೆ.

“ಭಾಳ ಚಲೋ ಮಾಡಿದ್ರಿ ತಾಯಿ, ಹುಡುಗರ ಕೈ ಉಳಿದ್ವು” ಎಂದು ಎರಡೂ ಕೈ ಎತ್ತಿ ಮುಗಿದರು. ನಾನೂ ಕೈ ಮುಗಿದೆ. ಅಷ್ಟರಲ್ಲಿ ಬಂದು ನಿಂತ ಬಸ್ಸು ಯಾವ ಕಡೆಯದೆಂದು ನೋಡದೆ ಹತ್ತಿಬಿಟ್ಟೆ.