ಎರಡು ಕರಿಹಲಗೆಯ ಕೋಣೆ

ಮೊನ್ನೆ ವೋಟು ಹಾಕಲು ದಾದರ್ ಹತ್ತಿರದ ಸಯನ್‌ನ ನಮ್ಮ ಹಳೆಯ ಶಾಲೆಗೆ ಹೋಗಿದ್ದೆ. ಈಗ ಅಲ್ಲಿ ಕನ್ನಡ ತರಗತಿಗಳಿಲ್ಲ. ಮತಗಟ್ಟೆಯಾಗಿದ್ದ ನಮ್ಮ ತರಗತಿಯ ಕೋಣೆಯೊಳಗೆ ಕಾಲಿಟ್ಟೊಡನೆ ಸೀಮೆಸುಣ್ಣದ ಪುಡಿ, ಹಳೆಯ ಬೆಂಚು, ಒದ್ದೆ ಗೋಡೆ ಎಲ್ಲ ಸೇರಿದ ಅದೇ ವಾಸನೆ ಮೂಗಿಗೆ ಬಡಿಯಿತು. ಎದುರಿನ ಗೋಡೆಗೊಂದು, ಹಿಂದಿನ ಗೋಡೆಗೊಂದು ಕರಿಹಲಗೆ ಹಾಗೆಯೇ ಇದ್ದವು. ನಮ್ಮ ಟೀಚರ್ ಮಾತ್ರ...

ಅವರು ವಿಜಯಪುರದ ಕಡೆಯವರು. ಆರನೆಯ ಮತ್ತು ಏಳನೆಯ ತರಗತಿಗೆ ಅವರೊಬ್ಬರೇ. ಎರಡನ್ನೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂರಿಸುತ್ತಿದ್ದರು. ಈಚೆ ನಮಗೆ ಲೆಕ್ಕ ಕೊಟ್ಟು, ಆಚೆ ಹೋಗಿ ಏಳನೆಯವರಿಗೆ ಇತಿಹಾಸ ಹೇಳುವರು. ತುಟಿಯ ಮೇಲೆ ಬೆರಳಿಟ್ಟರೆ ಸಾಕು, ಎರಡೂ ಕಡೆ ಸದ್ದಡಗುತ್ತಿತ್ತು. ನಾನಂತೂ ಆರನೆಯಲ್ಲಿದ್ದಾಗಲೇ ಏಳನೆಯ ಪಾಠಗಳನ್ನು ಬೆನ್ನ ಹಿಂದಿನಿಂದ ಕೇಳಿ ಕಲಿತಿದ್ದೆ. ನಮಗದು ಮೋಜು. ಅವರ ಗಂಟಲು ಕಟ್ಟುತ್ತಿತ್ತು, ಪಾಠದ ನಡುವೆ ಬಿಸಿನೀರು ಗುಟುಕರಿಸುತ್ತಿದ್ದರು.

ಇನ್ನೊಬ್ಬ ಶಿಕ್ಷಕರಿಗಾಗಿ ಅವರು ಅಲೆದದ್ದು ಅಷ್ಟಿಷ್ಟಲ್ಲ. ಊರ ಕಡೆಯಿಂದ ಡಿ.ಎಡ್. ಆದವಳೊಬ್ಬಳನ್ನು ಒಪ್ಪಿಸಿ ಕರೆತಂದು, ತಾವಿದ್ದ ಚಾಳಿನ ಪುಟ್ಟ ಖೋಲಿಯಲ್ಲೇ ಇರಿಸಿಕೊಂಡರು. ಊರಲ್ಲೇ ಕೆಲಸ ಸಿಕ್ಕಿತೆಂದು ಮಳೆಗಾಲ ಮುಗಿಯುವ ಮೊದಲೇ ಆಕೆ ಹೊರಟುಹೋದಳು. ಮತ್ತೊಬ್ಬರು ಕಾಂದಿವಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬರುತ್ತಿದ್ದರು. ದೀಪಾವಳಿ ರಜೆಗೆ ಹೋದವರು ತಿರುಗಿ ಬರಲಿಲ್ಲ.

ಕೊನೆಗೆ ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬರುವುದೆಂದಾಯಿತು. ಹಿಂದಿನ ದಿನ, ಉಡುಪಿ ಕಡೆಯವರಾದ ನಮ್ಮ ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು ಹೇಳಿದರು: “ನಾಳೆ ಮಕ್ಕಳು ಸ್ವಲ್ಪ ಗಲಾಟೆ ಮಾಡ್ಲಿ ಮಾರಾಯ್ರೆ. ಆಗಲಾದ್ರೂ ಇನ್ನೊಬ್ರನ್ನು ಕೊಟ್ಟಾರು.”

“ನನ್ನ ಹುಡುಗ್ರು ಗದ್ದಲಾ ಮಾಡಿದ್ರ ನನ್ನ ಮರ್ಯಾದಿ ಏನಾತ್ರಿ ಸರ?” ಎಂದರು ಟೀಚರ್.

ಮರುದಿನ ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಸಾಹೇಬರು ಕೇಳಿದ್ದಕ್ಕೆಲ್ಲ ಎರಡೂ ಕಡೆ ಕೈಗಳೆದ್ದವು. ಅವರಿಗೆ ಖುಷಿಯೋ ಖುಷಿ. ನೀವೊಬ್ಬರೇ ಇಷ್ಟು ಚೆಂದ ಸಂಭಾಳಿಸುವಾಗ ಇನ್ನೊಬ್ಬರು ಯಾಕೆ ಎಂದು ಮರಾಠಿಯಲ್ಲಿ ಹೊಗಳಿ, ಚಹಾ ಕುಡಿದು ಹೋದರು. ಆ ಹೊಗಳಿಕೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರನ್ನೂ ಕಳಿಸಲಿಲ್ಲ.

ಕ್ರಮೇಣ ಟೀಚರ ಗಂಟಲು ಪೂರ್ತಿ ಹೋಯಿತು. ಅವರು ಬಿಟ್ಟ ಮೇಲೆ ಕನ್ನಡ ತರಗತಿಗಳೂ ಮುಚ್ಚಿದವು. ನನಗಿಂತ ಕಿರಿಯರಲ್ಲಿ ಕೆಲವರು ಹಿಂದಿ ಶಾಲೆ ಸೇರಿದರು, ಕೆಲವರು ಹೋಟೆಲು ಸೇರಿದರು. ಬಹಳ ಕಾಲದ ಮೇಲೆ ದಾದರ್ ಸ್ಟೇಷನ್ನಿನಲ್ಲಿ ಅವರನ್ನು ಕಂಡು “ಟೀಚರ್” ಎಂದು ಕೂಗಿದೆ. ತಿರುಗಿ, ತುಟಿಯ ಮೇಲೆ ಬೆರಳಿಟ್ಟರು. ಹಳೆಯ ಅಭ್ಯಾಸ, ನಾನು ಥಟ್ಟನೆ ಸುಮ್ಮನಾದೆ. ತಮಗೆ ಮಾತು ಹೊರಡದು ಎಂದು ಅವರು ಹೇಳುತ್ತಿದ್ದರೆಂದು ಆಮೇಲೆ ತಿಳಿಯಿತು... ಹೋದ ವರ್ಷ ಊರಲ್ಲಿ ತೀರಿಕೊಂಡರಂತೆ.

“ಈ ಕೋಣೆಗೆ ಎರಡು ಹಲಗೆ ಯಾಕೆ?” ಎಂದು ನನ್ನ ಬೆರಳಿಗೆ ಶಾಯಿ ಹಚ್ಚುತ್ತಿದ್ದ ಹುಡುಗಿ ಹಿಂದಿಯಲ್ಲಿ ಕೇಳಿದಳು. ಚುನಾವಣೆ ಡ್ಯೂಟಿಗೆ ಬಂದ ಶಿಕ್ಷಕಿ ಆಕೆ. ಎರಡು ಮಾತಿನಲ್ಲಿ ಹೇಳಿದೆ.

“ನನಗೂ ಎರಡು ಕ್ಲಾಸು, ನಾನೊಬ್ಬಳೇ” ಎಂದಳು, ತುಸು ಹೆಮ್ಮೆಯಿಂದಲೇ. “ಆದರೂ ಒಂದು ಮಗುವೂ ಸದ್ದು ಮಾಡುವುದಿಲ್ಲ.”

“ಸಾಹೇಬರು ಬಂದ ದಿನ ಸ್ವಲ್ಪ ಗಲಾಟೆ ಮಾಡಲಿ ಬಿಡಿ, ಮೇಡಂ” ಎಂದೆ.

ತಮಾಷೆ ಎಂದುಕೊಂಡು ನಕ್ಕಳು. ನಗುವಾಗ ಅವಳ ಗಂಟಲು ಕರಕರ ಎಂದಿತು.